ತಲೆಬುರುಡೆಯ ಮೇಲೆ ಇಷ್ಟೊಂದು ಬಿಂದುಗಳೇಕೆ? ಪರೀಕ್ಷೆಗಷ್ಟೇ ಬೇಕೇ, ಕೆಲಸಕ್ಕೂ ಬರುತ್ತವೆಯೇ?

ಮಂಡ್ಯದ ಮೊದಲ ವರ್ಷ
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೇನೆ. ಕೈಕಾಲಿನ ಮೂಳೆಗಳನ್ನು ಹೇಗೋ ದಾಟಿದ್ದಾಯಿತು. ತಲೆಬುರುಡೆ ಮಾತ್ರ ಮುಗಿಯುವ ಲಕ್ಷಣವೇ ಕಾಣುತ್ತಿಲ್ಲ. ಬ್ರೆಗ್ಮಾ, ಲ್ಯಾಂಬ್ಡಾ, ಟೀರಿಯಾನ್, ಆಸ್ಟೀರಿಯಾನ್, ನೇಸಿಯಾನ್, ಇನಿಯಾನ್ ಎಂದು ಬೆರಳ ತುದಿಯಷ್ಟು ಜಾಗಕ್ಕೊಂದು ಹೆಸರಿದೆ. ಇವುಗಳನ್ನು ವೃತ್ತಿಯಲ್ಲಿ ಯಾರಾದರೂ ನಿಜವಾಗಿ ಬಳಸುತ್ತಾರೆಯೇ, ಅಥವಾ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಪ್ಪಿಸಿ ಮರೆಯುವುದಷ್ಟೇ ಉಳಿದಿದೆಯೇ? ಇನ್ನೊಂದು ಪ್ರಶ್ನೆಯೂ ಇದೆ. ಸೀನಿಯರ್ ಒಬ್ಬರಿಂದ ಕೊಂಡ ಬೋನ್ ಸೆಟ್ಟಿನ ಬುರುಡೆಯಲ್ಲಿ ಮೂಗಿನ ಬುಡದಿಂದ ಹಣೆಯ ಮಧ್ಯದಲ್ಲಿ ಒಂದು ಗೆರೆ ಮೇಲೇರಿದೆ. ಪುಸ್ತಕದ ಚಿತ್ರದಲ್ಲಿ ಅಂತಹ ಗೆರೆ ಇಲ್ಲ. ಇದು ಏನಿರಬಹುದು?

ನಿವೃತ್ತ ಅನಾಟಮಿ ಮೇಷ್ಟ್ರು, ಮೈಸೂರು
ತಂಗಿ, ಹೆಸರುಗಳಿಗೆ ಮೊದಲು ಹಿಡಿಯುವ ಕ್ರಮವನ್ನು ಕಲಿಯಿರಿ. ಕಣ್ಣುಗೂಡಿನ ಕೆಳ ಅಂಚೂ ಕಿವಿರಂಧ್ರದ ಮೇಲಂಚೂ ಒಂದೇ ಸಮತಲದಲ್ಲಿ ಬರುವಂತೆ ಬುರುಡೆಯನ್ನು ಹಿಡಿದರೆ, ನಾವು ನೆಟ್ಟಗೆ ನಿಂತು ದೂರಕ್ಕೆ ನೋಡುವಾಗ ತಲೆ ಹೇಗಿರುತ್ತದೆಯೋ ಹೆಚ್ಚುಕಡಿಮೆ ಹಾಗೆಯೇ ಅದು ನಿಲ್ಲುತ್ತದೆ. 1884ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮಾನವಶಾಸ್ತ್ರಜ್ಞರು ಇದನ್ನು ಒಪ್ಪಿಕೊಂಡಿದ್ದರಿಂದ ಅದಕ್ಕೆ ಫ್ರಾಂಕ್‌ಫರ್ಟ್ ಸಮತಲವೆಂದೇ ಹೆಸರಾಯಿತು. ಕಣ್ಣುಗೂಡಿನೊಳಗೆ ಬೆರಳು ತೂರಿಸಿ ಬುರುಡೆಯನ್ನು ಎತ್ತಬಾರದೆಂಬುದು ಎರಡನೆಯ ಪಾಠ. ಅಲ್ಲಿನ ಒಳಗೋಡೆ ಕಾಗದದಷ್ಟು ತೆಳುವಾಗಿರುತ್ತದೆ. ಎಷ್ಟೋ ಬುರುಡೆಗಳು ಹಾಳಾಗುವುದು ಇಲ್ಲಿಂದಲೇ.

ಇನ್ನು ಬಿಂದುಗಳ ವಿಷಯ. ಹುಟ್ಟಿದ ಮಗುವಿಗೆ ಒಂದೇ ನೆತ್ತಿಯೆಂದು ಮನೆಯಲ್ಲಿ ಹೇಳುತ್ತಾರೆ, ಆದರೆ ಮೂಳೆಗಳ ನಡುವೆ ಪೊರೆ ಮಾತ್ರ ಇರುವ ಜಾಗಗಳು ಆರು ಇರುತ್ತವೆ. ಮುಂದೆ ಒಂದು, ಹಿಂದೆ ಒಂದು, ಎರಡೂ ಪಕ್ಕಗಳಲ್ಲಿ ಎರಡೆರಡು. ಮುಂದಿನದು ಮುಚ್ಚಿದ ಜಾಗವೇ ಬ್ರೆಗ್ಮಾ, ಹಿಂದಿನದು ಲ್ಯಾಂಬ್ಡಾ. ಪಕ್ಕದವುಗಳಲ್ಲಿ ಮುಂದಿನ ಜೋಡಿ ಟೀರಿಯಾನ್, ಹಿಂದಿನ ಜೋಡಿ ಆಸ್ಟೀರಿಯಾನ್. ನೀವು ಬರೆದ ಆರು ಹೆಸರುಗಳಲ್ಲಿ ನಾಲ್ಕು ಇಲ್ಲಿಗೇ ಮುಗಿದವು. ಉಳಿದ ನೇಸಿಯಾನ್ ಮೂಗಿನ ಬುಡದ ತಗ್ಗು, ಇನಿಯಾನ್ ಹಿಂದಲೆಯ ಉಬ್ಬು. ಎರಡನ್ನೂ ನಿಮ್ಮ ತಲೆಯ ಮೇಲೆಯೇ ಮುಟ್ಟಿ ನೋಡಬಹುದು.

ಸಕ್ಕರೆನಾಡಿನವನು
ತಲೆಬುರುಡೆಯಲ್ಲಿ 22 ಮೂಳೆಗಳೆಂದು ಪಿಯುಸಿಯಲ್ಲಿ ಓದಿದ್ದೆವು. ಮೊನ್ನೆ ನನ್ನ ಮಗನ ಟ್ಯೂಷನ್ನಿನಲ್ಲಿ 29 ಎಂದು ಬರೆಸಿದ್ದಾರೆ. ಮೂಳೆಗಳೇನು ವರ್ಷಕ್ಕೊಮ್ಮೆ ಹೆಚ್ಚುತ್ತವೆಯೇ?

ಕುಕ್ಕರಹಳ್ಳಿ ವಾಕರ್
ಎರಡೂ ಸರಿ. ಮೆದುಳನ್ನು ಸುತ್ತುವ 8, ಮುಖದ 14, ಒಟ್ಟು 22. ಅದಕ್ಕೆ ಎರಡು ಕಿವಿಗಳ ಒಳಗಿನ 6 ಪುಟ್ಟ ಮೂಳೆಗಳು ಸೇರಿದರೆ 28, ಕುತ್ತಿಗೆಯ ಹಯಾಯ್ಡ್ ಸೇರಿದರೆ 29.

ನಿವೃತ್ತ ಅನಾಟಮಿ ಮೇಷ್ಟ್ರು, ಮೈಸೂರು
ಹಯಾಯ್ಡ್ ಬುರುಡೆಯ ಯಾವ ಮೂಳೆಗೂ ನೇರವಾಗಿ ಅಂಟಿಕೊಂಡಿಲ್ಲವಾದ್ದರಿಂದ ಅದನ್ನು ಬುರುಡೆಯ ಲೆಕ್ಕಕ್ಕೆ ತರುವುದು ನನಗೆ ಒಪ್ಪಿಗೆಯಿಲ್ಲ. ಲೆಕ್ಕಕ್ಕಿಂತ ಮುಖ್ಯವಾದದ್ದು, ಆ 22ರಲ್ಲಿ ಅಲುಗಾಡುವುದು ಕೆಳದವಡೆಯೊಂದೇ. ಸ್ಫೀನಾಯ್ಡ್ ಎಂಬ ಮೂಳೆ ರೆಕ್ಕೆ ಬಿಚ್ಚಿದ ಬಾವಲಿಯಂತೆ ತಳದಲ್ಲಿ ಅಡ್ಡಲಾಗಿ ಕುಳಿತು ಕಪಾಲದ ಉಳಿದ ಏಳು ಮೂಳೆಗಳನ್ನೂ ಮುಟ್ಟುತ್ತದೆ. ಅದೊಂದು ಅರ್ಥವಾದರೆ ಬುರುಡೆಯ ಅರ್ಧ ಅರ್ಥವಾದಂತೆ.

ತುರ್ತು ವಿಭಾಗದ ರಾತ್ರಿಪಾಳಿ
ಕೆಲಸಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಟೀರಿಯಾನ್ ಒಂದರ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಮೈಸೂರು–ಬೆಂಗಳೂರು ರಸ್ತೆಯ ಅಪಘಾತಗಳನ್ನು ನೋಡುವ ನಮಗೆ ಅದನ್ನು ಮರೆಯುವ ಅವಕಾಶವೇ ಇಲ್ಲ. ಹಣೆಯ ಮೂಳೆ, ನೆತ್ತಿಯ ಪಕ್ಕದ ಪೆರೈಟಲ್, ಕಿವಿಯ ಸುತ್ತಲ ಟೆಂಪೊರಲ್, ಸ್ಫೀನಾಯ್ಡಿನ ದೊಡ್ಡ ರೆಕ್ಕೆ, ಈ ನಾಲ್ಕೂ ಕಣತಲೆಯ ಬಳಿ ಕೂಡುವ ಜಾಗ ಅದು. ಕೆನ್ನೆಮೂಳೆಯ ಕಮಾನಿನ ನಡುಭಾಗದಿಂದ ಸುಮಾರು 4 ಸೆಂ.ಮೀ. ಮೇಲಕ್ಕೆ ಬೆರಳಿಡಿ. ಬುರುಡೆಯ ಪಕ್ಕದ ಗೋಡೆ ಅಲ್ಲಿ ತೆಳುವಾಗಿರುತ್ತದೆ, ಅದರ ಒಳಬದಿಗೆ ಅಂಟಿಕೊಂಡೇ ಮಿಡಲ್ ಮೆನಿಂಜಿಯಲ್ ರಕ್ತನಾಳದ ಮುಂದಿನ ಕವಲು ಹಾದುಹೋಗುತ್ತದೆ. ಪೆಟ್ಟಿಗೆ ಮೂಳೆ ಸೀಳಿದರೆ ಆ ನಾಳ ಹರಿದು, ಮೂಳೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ತುಂಬತೊಡಗುತ್ತದೆ.

ಇದರಲ್ಲಿ ಮೋಸವಿರುವುದು ನಡುವಿನ ಹೊತ್ತಿನಲ್ಲಿ. ಬಿದ್ದವರು ಕೆಲವು ಕ್ಷಣ ಎಚ್ಚರ ತಪ್ಪಿ, ಮತ್ತೆ ಎದ್ದು ಕುಳಿತು, "ಏನೂ ಆಗಿಲ್ಲ, ಊರಿಗೆ ಹೋಗುತ್ತೇನೆ" ಎನ್ನುತ್ತಾರೆ. ಎಲ್ಲರಲ್ಲೂ ಹೀಗಾಗುವುದಿಲ್ಲ, ಆದರೆ ಆದಾಗ ಮನೆಯವರು ನಿಶ್ಚಿಂತರಾಗಿಬಿಡುತ್ತಾರೆ. ಕೆಲವೇ ಗಂಟೆಗಳಲ್ಲಿ ತಲೆನೋವು, ವಾಂತಿ, ಮಂಪರು ಶುರುವಾಗಿ, ಒಂದು ಕಣ್ಣಿನ ಪಾಪೆ ಹಿಗ್ಗುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಆ ರಕ್ತ ಎರಡೂ ಕಡೆ ಉಬ್ಬಿದ ಮಸೂರದ ಆಕಾರದಲ್ಲಿ ಕಾಣುತ್ತದೆ. ಹೊರಪೊರೆಯು ಮೂಳೆಗಳು ಸೇರುವ ಕೂಡುಗೆರೆಗಳ ಬಳಿ ಮೂಳೆಗೆ ಬಿಗಿಯಾಗಿ ಅಂಟಿರುವುದರಿಂದ ರಕ್ತ ಸಾಮಾನ್ಯವಾಗಿ ಆ ಗೆರೆಗಳನ್ನು ದಾಟಿ ಹರಡುವುದಿಲ್ಲ. ವೈವಾಕ್ಕೆಂದು ಕಲಿತ ಗೆರೆ ಹೀಗೆ ಸ್ಕ್ಯಾನ್ ಓದುವಾಗ ಎದುರಾಗುತ್ತದೆ.

ಸಕ್ಕರೆನಾಡಿನವನು
ಹಾಗಾದರೆ ಡಾಕ್ಟರೇ, ಟೋಪಿಯಂತೆ ನೆತ್ತಿಯನ್ನಷ್ಟೇ ಮುಚ್ಚುವ ಅರ್ಧ ಹೆಲ್ಮೆಟ್ಟಿನಿಂದ ಪ್ರಯೋಜನವೇನು? ನಮ್ಮ ಕಡೆ ದಂಡ ತಪ್ಪಿಸಿಕೊಳ್ಳುವುದಕ್ಕೆಂದೇ ಅದನ್ನು ಕೊಳ್ಳುತ್ತಾರೆ.

ತುರ್ತು ವಿಭಾಗದ ರಾತ್ರಿಪಾಳಿ
ಅಣ್ಣಾ, ಅದು ಕಣತಲೆಯನ್ನೂ ಕಿವಿಯ ಸುತ್ತಲ ಭಾಗವನ್ನೂ ಬಯಲಿಗೇ ಬಿಡುತ್ತದೆ. ಬೈಕಿನಿಂದ ಪಕ್ಕಕ್ಕೆ ಉರುಳಿದವರ ತಲೆ ನೆಲಕ್ಕೆ ತಾಗುವುದು ಬಹಳ ಸಲ ಅಲ್ಲಿಯೇ. ಕಿವಿ, ಕಣತಲೆ, ಹಿಂದಲೆ ಮುಚ್ಚುವಂತಹ ಐಎಸ್ಐ ಗುರುತಿನ ಹೆಲ್ಮೆಟ್ ಹಾಕಿ, ಗದ್ದದ ಪಟ್ಟಿಯನ್ನು ಬಿಗಿಯಿರಿ. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲೇ ರಸ್ತೆ ಸೇರುತ್ತದೆ.

ಶ್ರವಣವಾಣಿ, ಮಾನಸಗಂಗೋತ್ರಿ ಹತ್ತಿರ
ಶ್ರವಣ ಪರೀಕ್ಷೆಯ ಕ್ಷೇತ್ರದಲ್ಲಿರುವ ನಮಗೆ ಈ ಬಿಂದುಗಳು ದಿನನಿತ್ಯದ ಸಂಗಾತಿಗಳು. ಕಿವಿಯ ಹಿಂದಿನ ಉಬ್ಬಾದ ಮಾಸ್ಟಾಯ್ಡಿನ ಮೇಲೆ ಕಂಪಕವನ್ನಿಟ್ಟು, ಮೂಳೆಯ ಮೂಲಕ ಶಬ್ದವನ್ನು ನೇರವಾಗಿ ಒಳಗಿವಿಗೆ ಮುಟ್ಟಿಸಿ ಪರೀಕ್ಷಿಸುತ್ತೇವೆ. ಗಾಳಿಯ ಮೂಲಕ ಸರಿಯಾಗಿ ಕೇಳದೆ ಮೂಳೆಯ ಮೂಲಕ ಚೆನ್ನಾಗಿ ಕೇಳಿಸಿದರೆ, ತೊಂದರೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆಯೆಂದು ತಿಳಿಯುತ್ತದೆ.

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ತೆಗೆಯುವಾಗಲಂತೂ ಬುರುಡೆಯ ಗುರುತುಗಳಿಲ್ಲದೆ ಹೆಜ್ಜೆಯನ್ನೇ ಇಡಲಾಗದು. ನೇಸಿಯಾನಿನಿಂದ ಇನಿಯಾನಿನವರೆಗೆ ತಲೆಯ ಮೇಲಿಂದ ಟೇಪು ಹಿಡಿದು, ಆ ಉದ್ದವನ್ನು ಶೇಕಡಾ 10 ಮತ್ತು 20ರ ಭಾಗಗಳಾಗಿ ವಿಂಗಡಿಸಿ ಎಲೆಕ್ಟ್ರೋಡ್‌ಗಳ ಜಾಗವನ್ನು ಗುರುತಿಸುತ್ತಾರೆ. ಒಬ್ಬರ ಅಳತೆ 36 ಸೆಂ.ಮೀ. ಬಂದರೆ ಮೊದಲ ಗುರುತು ನೇಸಿಯಾನಿನಿಂದ 3.6 ಸೆಂ.ಮೀ. ಮೇಲೆ ಬೀಳುತ್ತದೆ. ಮಗುವಿನ ತಲೆಯಾಗಲಿ ದೊಡ್ಡವರ ತಲೆಯಾಗಲಿ, ಅನುಪಾತ ಒಂದೇ ಆಗಿರುವುದರಿಂದ ಒಬ್ಬರ ದಾಖಲೆಯನ್ನು ಇನ್ನೊಬ್ಬರದರೊಂದಿಗೆ ಹೋಲಿಸಬಹುದು.

ಹಲ್ಲಿನ ಡಾಕ್ಟರು, ವಿಜಯನಗರ
ಮೇಷ್ಟ್ರು ಹೇಳಿದ ಫ್ರಾಂಕ್‌ಫರ್ಟ್ ಸಮತಲವನ್ನು ನಾವು ಹಲ್ಲುಸಾಲು ಸರಿಪಡಿಸುವ ಮುನ್ನ ತೆಗೆಯುವ ಪಕ್ಕದ ಎಕ್ಸ್‌ರೇಗೆ ಈಗಲೂ ಬಳಸುತ್ತೇವೆ. ವಿದ್ಯಾರ್ಥಿನಿಗೆ ಒಂದು ಸುಲಭದ ಗುರುತು ಹೇಳುತ್ತೇನೆ. ಹುಬ್ಬಿನ ಕೆಳಗೆ ಕಣ್ಣುಗೂಡಿನ ಮೇಲಂಚಿನ ಕಚ್ಚು, ಕಣ್ಣಿನ ಕೆಳಗಿನ ರಂಧ್ರ, ಕೆಳದವಡೆಯ ಮುಂಭಾಗದ ಮೆಂಟಲ್ ರಂಧ್ರ, ಈ ಮೂರೂ ಕಣ್ಣಪಾಪೆಯ ನೇರಕ್ಕೆ ಹೆಚ್ಚುಕಡಿಮೆ ಒಂದೇ ಲಂಬಗೆರೆಯಲ್ಲಿ ಬರುತ್ತವೆ, ಮೂರರಿಂದಲೂ ಮುಖಕ್ಕೆ ಸ್ಪರ್ಶಜ್ಞಾನ ಕೊಡುವ ನರಗಳು ಹೊರಬೀಳುತ್ತವೆ. ಹುಬ್ಬಿನ ಕೆಳಗಿನ ಕಚ್ಚನ್ನು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ನರದ ಚುಳುಕು ನಿಮಗೇ ತಿಳಿಯುತ್ತದೆ.

ಕೆಳದವಡೆಯಲ್ಲಿ ವಯಸ್ಸೂ ಕಾಣುತ್ತದೆ. ಹರೆಯದವರಲ್ಲಿ ಮೆಂಟಲ್ ರಂಧ್ರ ದವಡೆಯ ಮೇಲಂಚಿಗೂ ಕೆಳಂಚಿಗೂ ನಡುವೆ ಇರುತ್ತದೆ. ಹಲ್ಲೆಲ್ಲ ಉದುರಿದ ಮುದುಕರಲ್ಲಿ ಮೇಲಿನ ಮೂಳೆ ಸವೆದು ಅದೇ ರಂಧ್ರ ಮೇಲಂಚಿಗೆ ಬಂದು ಕೂರುತ್ತದೆ. ಅಂತಹವರಿಗೆ ಕಟ್ಟಿಸಿದ ಹಲ್ಲುಸೆಟ್ಟು ನರವನ್ನೇ ಒತ್ತಿ ಉರಿಯುವುದುಂಟು.

ಅಜ್ಜಿಯ ಮೊಮ್ಮಗಳು
ನೆತ್ತಿಯ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನನ್ನ ಮಗುವಿಗೆ ನಾಲ್ಕು ತಿಂಗಳು. ನೆತ್ತಿ ತುಂಬಲೆಂದು ಅತ್ತೆಯವರು ದಿನವೂ ಹರಳೆಣ್ಣೆ ಒತ್ತುತ್ತಾರೆ, ತಲೆ ಗುಂಡಗಾಗಲೆಂದು ಎರಡೂ ಕಡೆ ಅಂಗೈಯಿಂದ ಒತ್ತುತ್ತಾರೆ. ಎಣ್ಣೆ ಮೆದುಳಿಗೆ ಇಳಿದು ತಂಪು ಮಾಡುತ್ತದೆಯೆಂಬುದು ಅವರ ನಂಬಿಕೆ. ತಡೆಯಬೇಕೇ?

ಮಕ್ಕಳ ವಿಭಾಗ
ತಾಯಿ, ನೆತ್ತಿಯ ಜಾಗದಲ್ಲಿ ಮೂಳೆಯಿಲ್ಲದಿದ್ದರೂ ಚರ್ಮವೂ ಗಟ್ಟಿಯಾದ ಪೊರೆಯೂ ಇರುವುದರಿಂದ ಎಣ್ಣೆ ಮೆದುಳಿಗೆ ಇಳಿಯುವುದಿಲ್ಲ. ಕೈ ಹಗುರವಾಗಿದ್ದರೆ ಎಣ್ಣೆ ಸವರುವುದರಿಂದ ತೊಂದರೆಯಿಲ್ಲ. ಗುಂಡಗೆ ಮಾಡಲು ಒತ್ತುವುದನ್ನು ಮಾತ್ರ ನಿಲ್ಲಿಸಿ. ಹಿಂದಿನ ನೆತ್ತಿ ಎರಡು ಮೂರು ತಿಂಗಳಿಗೇ ಮುಚ್ಚಿರುತ್ತದೆ, ಮುಂದಿನದು ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ವಾಂತಿಭೇದಿಯಾದಾಗ ನೆತ್ತಿ ಗುಳಿಬಿದ್ದರೆ ಮಗುವಿನ ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದು ತಿಳಿಯಿರಿ. ಮಗು ಅಳದೆ ಇರುವಾಗಲೂ ನೆತ್ತಿ ಉಬ್ಬಿ ಬಿಗಿದಿದ್ದು, ಜೊತೆಗೆ ಜ್ವರವಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಕರೆತನ್ನಿ.

ತಲೆ ಒಂದು ದಿಕ್ಕಿಗೇ ಉದ್ದವಾಗಿ ಬೆಳೆಯುತ್ತಿದ್ದರೆ ಅದನ್ನೂ ತೋರಿಸಬೇಕು. ಯಾವುದಾದರೂ ಕೂಡುಗೆರೆ ಅವಧಿಗೆ ಮುನ್ನವೇ ಬೆಸೆದುಕೊಂಡರೆ ಬುರುಡೆ ಅದಕ್ಕೆ ಅಡ್ಡಲಾಗಿ ಅಗಲವಾಗಲಾರದೆ ಅದರ ಉದ್ದಕ್ಕೇ ಬೆಳೆಯುತ್ತದೆಯೆಂದು ರುಡಾಲ್ಫ್ ವಿರ್ಶೋ 1851ರಲ್ಲೇ ತೋರಿಸಿದ್ದ. ಅದನ್ನು ಅಂಗೈ ಒತ್ತಿ ಸರಿಮಾಡಲಾಗದು.

ಹೆರಿಗೆ ವಾರ್ಡಿನ ಸಿಸ್ಟರ್
ಬ್ರೆಗ್ಮಾ, ಲ್ಯಾಂಬ್ಡಾ ಯಾರಿಗೆ ಬೇಕೆಂದರೆ ಮೊದಲು ನಮಗೆ ಬೇಕು. ಹೆರಿಗೆಯ ಹೊತ್ತಿನಲ್ಲಿ ಮಗುವಿನ ತಲೆ ಹೇಗೆ ತಿರುಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಯೇ ಹೇಳಬೇಕು. ಮೂರು ಗೆರೆಗಳು ಕೂಡುವ ಪುಟ್ಟ ತ್ರಿಕೋನ ಸಿಕ್ಕಿದರೆ ಅದು ಹಿಂದಿನ ನೆತ್ತಿ; ಮಗು ಗದ್ದವನ್ನು ಎದೆಗೊತ್ತಿಕೊಂಡು ಚೆನ್ನಾಗಿ ಬಾಗಿದೆಯೆಂದು ಅರ್ಥ. ನಾಲ್ಕು ಗೆರೆಗಳ ದೊಡ್ಡ ವಜ್ರಾಕಾರ ಬೆರಳಿಗೆ ಸುಲಭವಾಗಿ ಸಿಕ್ಕಿದರೆ ತಲೆ ಸರಿಯಾಗಿ ಬಾಗಿಲ್ಲ. ಚೆನ್ನಾಗಿ ಬಾಗಿದ ತಲೆ ಸುಮಾರು 9.5 ಸೆಂ.ಮೀ. ಅಳತೆಯಲ್ಲಿ ಹೊರಬರುತ್ತದೆ, ಬಾಗದ ತಲೆಗೆ 11.5 ಸೆಂ.ಮೀ. ಬೇಕಾಗುತ್ತದೆ. ಆ ಎರಡು ಸೆಂಟಿಮೀಟರಿನ ಬೆಲೆ ಹೆತ್ತವರಿಗೆ ಗೊತ್ತು.

ಕುಕ್ಕರಹಳ್ಳಿ ವಾಕರ್
ಹಣೆಯ ಗೆರೆಯ ಪ್ರಶ್ನೆಯನ್ನು ಎಲ್ಲರೂ ಮರೆತಿದ್ದಾರೆ. ನನಗನ್ನಿಸುವಂತೆ ಅದು ಏಟು ಬಿದ್ದು ಸೀಳಿದ ಗುರುತು.

ಹಳೆ ಮೈಸೂರಿನ ಹರಟೆಮಲ್ಲ
ನಮ್ಮ ತಾತನನ್ನು ಕೇಳಿದ್ದರೆ ಅದು ಬ್ರಹ್ಮ ಬರೆದ ಹಣೆಬರಹ ಎನ್ನುತ್ತಿದ್ದರು. ಬುರುಡೆಯ ಮೇಲಿನ ಅಂಕುಡೊಂಕು ಗೆರೆಗಳನ್ನೆಲ್ಲ ಬ್ರಹ್ಮಲಿಪಿಯೆಂದೇ ಹಳಬರು ನಂಬಿದ್ದರು.

ವಿಧಿವಿಜ್ಞಾನಾಸಕ್ತ
ಸೀಳೆಂದು ಅಷ್ಟು ಬೇಗ ತೀರ್ಮಾನಿಸಬೇಡಿ. ಹುಟ್ಟುವಾಗ ಹಣೆಯ ಮೂಳೆ ಎರಡು ಹೋಳಾಗಿಯೇ ಇರುತ್ತದೆ. ಅವುಗಳ ನಡುವಿನ ಮೆಟೋಪಿಕ್ ಗೆರೆ ಬಾಲ್ಯದಲ್ಲೇ ಬೆಸೆದು ಅಳಿಯುತ್ತದೆ, ಆದರೆ ಕೆಲವರಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ಗೆರೆ ನೇಸಿಯಾನಿನಿಂದ ಬ್ರೆಗ್ಮಾವರೆಗೆ ಪೂರ್ತಿ ಹೋಗಿದೆಯೇ, ಅದರ ಅಂಚು ಹಲ್ಲುಹಲ್ಲಾಗಿದೆಯೇ ನೋಡಿ. ಹಾಗಿದ್ದರೆ ಅದು ಉಳಿದುಕೊಂಡ ಮೆಟೋಪಿಕ್ ಗೆರೆ. ಮೂಗಿನ ಮೇಲೆ ಸ್ವಲ್ಪ ದೂರ ಮಾತ್ರ ಇದ್ದರೆ ಅದರ ಅವಶೇಷ. ಅದು ಹಲವರಲ್ಲಿ ಇರುತ್ತದೆ. ಸೀಳಾಗಿದ್ದರೆ ಅಂಚು ಚೂಪಾಗಿ, ಹಲ್ಲುಗಳಿಲ್ಲದೆ ಸಾಗುತ್ತದೆ. ಎಕ್ಸ್‌ರೇಯಲ್ಲಿ ಇವೆರಡನ್ನು ಅದಲುಬದಲು ಮಾಡಿಕೊಳ್ಳುವ ಅಪಾಯ ಇದ್ದೇ ಇದೆ.

ಹರಟೆಮಲ್ಲರ ತಾತನವರ ಮಾತಿಗೂ ಒಂದು ಆಧಾರ ಹುಡುಕಿಕೊಡಬಲ್ಲೆ. ಹುಬ್ಬಿನ ಹಿಂದೆ ಹಣೆಯ ಮೂಳೆಯೊಳಗೆ ಗಾಳಿ ತುಂಬಿದ ಸೈನಸ್ ಇದೆ. ಅದರ ಅಂಚಿನ ಆಕಾರ ಒಬ್ಬರಿಂದೊಬ್ಬರಿಗೆ ಬೇರೆಯಾಗಿರುತ್ತದೆ. ಗುರುತು ಸಿಗದ ಬುರುಡೆಯ ಎಕ್ಸ್‌ರೇಯನ್ನು, ಕಾಣೆಯಾದವರು ಬದುಕಿದ್ದಾಗ ಯಾವುದೋ ಕಾಯಿಲೆಗೆ ತೆಗೆಸಿದ್ದ ಎಕ್ಸ್‌ರೇಯ ಜೊತೆಯಿಟ್ಟು ಹೋಲಿಸಿ ಗುರುತು ಹಿಡಿಯುತ್ತಾರೆ. ಹಣೆಯೊಳಗೆ ಬರೆದಿರುವುದು ವಿಳಾಸ, ಭವಿಷ್ಯವಲ್ಲ.

ಮಂಡ್ಯದ ಮೊದಲ ವರ್ಷ
ಈಗಷ್ಟೇ ಬೆಳಕಿಗೆ ಹಿಡಿದು ನೋಡಿದೆ. ಗೆರೆ ಬ್ರೆಗ್ಮಾವರೆಗೂ ಹೋಗಿದೆ, ಅಂಚೆಲ್ಲ ಹಲ್ಲುಹಲ್ಲಾಗಿದೆ. ಹಿಂದೆ ಲ್ಯಾಂಬ್ಡಾ ಬಳಿ ಗೆರೆಯೊಳಗೇ ಸಿಕ್ಕಿಕೊಂಡಂತೆ ಹುಣಸೆಬೀಜದಷ್ಟು ದೊಡ್ಡ ಒಂದು ಪ್ರತ್ಯೇಕ ಮೂಳೆಯೂ ಇದೆ.

ವಿಧಿವಿಜ್ಞಾನಾಸಕ್ತ
ಅದು ವರ್ಮಿಯನ್ ಮೂಳೆ. ಡೆನ್ಮಾರ್ಕಿನ ಓಲೆ ವರ್ಮ್ ಎಂಬ ವೈದ್ಯನ ಹೆಸರು ಅದಕ್ಕೆ ಅಂಟಿದೆ. 22ರ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ, ಸಕ್ಕರೆನಾಡಿನವರು ಮತ್ತೆ ಜಗಳಕ್ಕೆ ಬರುತ್ತಾರೆ.

ಮಾನವಶಾಸ್ತ್ರ, ಎಂ.ಎ.
ಇಲ್ಲಿಯವರೆಗೆ ಎಲ್ಲರೂ ಉಪಯೋಗಗಳನ್ನೇ ಹೇಳಿದ್ದೀರಿ, ದುರುಪಯೋಗವನ್ನೂ ಹೇಳಬೇಕು. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ, 75ಕ್ಕಿಂತ ಕಡಿಮೆ ಬಂದರೆ ಉದ್ದತಲೆ, 80ಕ್ಕಿಂತ ಹೆಚ್ಚಾದರೆ ಅಗಲತಲೆ ಎಂದು ವಿಂಗಡಿಸುವ ಪದ್ಧತಿಯನ್ನು ಸ್ವೀಡನ್ನಿನ ಆಂಡರ್ಸ್ ರೆಟ್ಜಿಯಸ್ 19ನೆಯ ಶತಮಾನದಲ್ಲಿ ಆರಂಭಿಸಿದ. ಅಳತೆ ಅಳತೆಯಾಗಿ ಉಳಿದಿದ್ದರೆ ಆಕ್ಷೇಪವಿರಲಿಲ್ಲ. ಅದರಿಂದ ಜನಾಂಗಗಳಿಗೆ ಮೇಲುಕೀಳಿನ ಪಟ್ಟ ಕಟ್ಟಿದರು. ನಮ್ಮ ದೇಶದಲ್ಲಿಯೇ 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ, ಉದ್ದಗಳ ಅನುಪಾತ ಹಿಡಿದು ಜಾತಿಗಳ ಶ್ರೇಣಿಯನ್ನು ವಿವರಿಸಲು ಹೊರಟಿದ್ದ.

ನಿವೃತ್ತ ಅನಾಟಮಿ ಮೇಷ್ಟ್ರು, ಮೈಸೂರು
ಆ ಅಳತೆಗಳಿಂದ ಜಾತಿಯನ್ನಾಗಲಿ ಬುದ್ಧಿಯನ್ನಾಗಲಿ ತೂಗಿದ್ದು ಅಪರಾಧವೇ ಸರಿ. ಆದರೆ ಕೃತಕ ಕೀಲು ಕೂರಿಸುವವರಿಗೂ, ಹೆಲ್ಮೆಟ್ ರೂಪಿಸುವವರಿಗೂ, ಸಿಸ್ಟರ್ ಹೇಳಿದ ಹೆರಿಗೆಗೂ ಅಳತೆ ಬೇಕೇ ಬೇಕು. ಕ್ಯಾಲಿಪರಿನ ಮೇಲೆ ಕೋಪ ಬೇಡ.

ಮಾನವಶಾಸ್ತ್ರ, ಎಂ.ಎ.
ಕ್ಯಾಲಿಪರಿನ ಮೇಲೆ ಕೋಪವಿಲ್ಲ ಸರ್. ಆದರೆ ಇಂದಿಗೂ "ಇಂಥ ಜನರ ತಲೆ ಇಂಥ ಆಕಾರ" ಎಂದು ಹೆಮ್ಮೆಯಿಂದ ಹಂಚಿಕೊಳ್ಳುವವರನ್ನು ವಾಟ್ಸಾಪಿನಲ್ಲಿ ನೋಡುತ್ತೇವೆ, ಅದಕ್ಕಾಗಿ ಹೇಳಿದೆ. ಇನ್ನೂ ಒಂದು ವಿಷಯವಿದೆ. ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ಬಹುಕಾಲ ಅಸ್ಥಿಪಂಜರಗಳನ್ನು ಕಳುಹಿಸುತ್ತಿದ್ದದ್ದು ಭಾರತ, ಮುಖ್ಯವಾಗಿ ಕಲ್ಕತ್ತೆಯ ವ್ಯಾಪಾರಿಗಳು. 1985ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ವಿದ್ಯಾರ್ಥಿನಿಯ ಮೇಜಿನ ಮೇಲಿರುವುದೂ ಯಾರದೋ ತಲೆ. ಫೋಟೋ ತೆಗೆದು ತಮಾಷೆಗೆ ಹಾಕುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಚಿತ್ರಕಲೆಯ ಹುಡುಗ
ನಾವು ಮಣ್ಣಿನಲ್ಲಿ ಮುಖ ಮಾಡುವಾಗಲೂ ಇವೇ ಗುರುತುಗಳು. ಹೊಸಬರೆಲ್ಲರೂ ಕಣ್ಣನ್ನು ತೀರಾ ಮೇಲಕ್ಕೆ ಕೂರಿಸಿ ಹಣೆಯನ್ನು ಕುಗ್ಗಿಸುತ್ತಾರೆ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಬರುವುದು ಸರಿಯಾಗಿ ನಡುವೆ. ಹೆಂಗಸಿನ ಮುಖವಾದರೆ ಹುಬ್ಬಿನ ನಡುವಿನ ಗ್ಲಾಬೆಲ್ಲಾ ಉಬ್ಬನ್ನು ಇಳಿಸುತ್ತೇವೆ, ಕಣ್ಣುಗೂಡಿನ ಮೇಲಂಚನ್ನು ಚೂಪಾಗಿಸುತ್ತೇವೆ.

ವಿಧಿವಿಜ್ಞಾನಾಸಕ್ತ
ಗಂಡು ಹೆಣ್ಣು ಹೇಳಲು ನಾವು ನೋಡುವುದೂ ಅದನ್ನೇ, ಜೊತೆಗೆ ಮಾಸ್ಟಾಯ್ಡಿನ ಗಾತ್ರವನ್ನೂ ನೋಡುತ್ತೇವೆ. ಆದರೂ ಸೊಂಟದ ಮೂಳೆ ಸಿಕ್ಕಿದರೆ ಬುರುಡೆಯ ಮಾತನ್ನು ಎರಡನೆಯದಾಗಿ ಕೇಳುತ್ತೇವೆ.

ಮೂರನೆಯ ವರ್ಷದ ಸೀನಿಯರ್
ತಂಗಿ, ತಳದ ರಂಧ್ರಗಳನ್ನು ಕಲಿಯಲು ಪೊರಕೆಕಡ್ಡಿಯೇ ಸಾಕು. ಒಳಗಿನಿಂದ ತೂರಿಸಿ, ಎಲ್ಲಿ ಹೊರಬರುತ್ತದೆಯೆಂದು ನೋಡಿ. ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಹೀಗೆಯೇ ಕಲಿತದ್ದು.

ನಿವೃತ್ತ ಅನಾಟಮಿ ಮೇಷ್ಟ್ರು, ಮೈಸೂರು
ಉಪಾಯ ಒಳ್ಳೆಯದು, ಕಡ್ಡಿ ಬೇಡ. ಮೂಗಿನ ಚಾವಣಿಯ ಎಥ್ಮಾಯ್ಡ್ ಜಾಲರಿಯ ಬಳಿ ಕಡ್ಡಿ ಜಾರಿದರೆ ಮೂಳೆ ಪುಡಿಯಾಗುತ್ತದೆ. ಬಣ್ಣದ ನೈಲಾನ್ ದಾರ ತೆಗೆದುಕೊಳ್ಳಿ. ತಳದ ಸ್ಪೈನೋಸಮ್ ಎಂಬ ರಂಧ್ರದಲ್ಲಿ ಕೆಂಪು ದಾರ ಹಾಕಿ, ಏಕೆಂದರೆ ರಾತ್ರಿಪಾಳಿಯವರು ವರ್ಣಿಸಿದ ರಕ್ತನಾಳ ಒಳಗೆ ಬರುವುದು ಅಲ್ಲಿಂದಲೇ. ಒಳಗೋಡೆಯ ಮೇಲೆ ಅದೇ ನಾಳದ ಜಾಡು ಕವಲೊಡೆದ ತೋಡಾಗಿ ಕೊರೆದಿರುತ್ತದೆ; ಕೆಂಪು ದಾರವನ್ನು ಆ ಜಾಡಿನಲ್ಲೇ ಟೀರಿಯಾನಿನವರೆಗೆ ಹಾಯಿಸಿ. ಸ್ಪೈನೋಸಮ್ಮಿನ ಪಕ್ಕದ ಓವೇಲ್ ರಂಧ್ರದಲ್ಲಿ ಹಳದಿ ದಾರ ಹಾಕಿ. ಕೆಳದವಡೆಯ ನರ ಇಳಿಯುವುದು ಅಲ್ಲಿ.

ಮಂಡ್ಯದ ಮೊದಲ ವರ್ಷ
ಸರ್, ಓವೇಲ್, ಸ್ಪೈನೋಸಮ್ ಎರಡೂ ಸಿಕ್ಕವು. ರೊಟಂಡಮ್ ಎಂಬ ರಂಧ್ರವನ್ನು ಬುರುಡೆ ಮಗುಚಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ನನ್ನ ಬುರುಡೆಯಲ್ಲಿ ಅದು ಇಲ್ಲವೇ?

ನಿವೃತ್ತ ಅನಾಟಮಿ ಮೇಷ್ಟ್ರು, ಮೈಸೂರು
ಇದೆ. ಅದು ತಳಕ್ಕೆ ತೆರೆಯುವುದೇ ಇಲ್ಲ, ಮುಂದಕ್ಕೆ ತೆರೆಯುತ್ತದೆ. ಬುರುಡೆಯ ಮುಚ್ಚಳ ತೆಗೆದು ಒಳಗಿನಿಂದ ದಾರ ಬಿಡಿ. ಮೇಲ್ದವಡೆಯ ಹಿಂದಿನ ಕಿರಿದಾದ ಸಂದಿನಲ್ಲಿ ತುದಿ ಕಾಣಿಸುತ್ತದೆ. ಅಲ್ಲಿಂದ ಅದೇ ದಾರವನ್ನು ಕಣ್ಣುಗೂಡಿನ ನೆಲದ ತೋಡಿನ ಮೂಲಕ ಮುಂದಕ್ಕೆ ಎಳೆದರೆ, ಹಲ್ಲಿನ ಡಾಕ್ಟರು ಹೇಳಿದ ಕಣ್ಣಿನ ಕೆಳಗಿನ ರಂಧ್ರದಲ್ಲಿ ಹೊರಬೀಳುತ್ತದೆ. ಹಸಿರು ದಾರ ಹಾಕಿ, ಹಳದಿಯ ಜೊತೆ ಬೆರೆಯದಿರಲಿ.